ಬದಲಿ ಆಳು

"ಕೈ ಬಿಡಮ್ಮ, ಹೊತ್ತಾಯ್ತು," ಎಂದು ಮಗ ತೋಳು ಜಗ್ಗಿಕೊಂಡ. ತಾಯಿ ಬಿಡಲಿಲ್ಲ. ಅಂಗಳದಲ್ಲಿ ಅವನ ಅಪ್ಪನ ಚಟ್ಟ ಸಿದ್ಧವಾಗಿತ್ತು.

ಇವತ್ತು ಎರಡನೆಯ ಪಾಳಿಗೆ ಗೇಟಿನಲ್ಲಿ ನಿಂತವರಲ್ಲೇ ಕೆಲವರನ್ನು ಗಿರಣಿಯವರು ಕಾಯಂ ಮಾಡಿಕೊಳ್ಳುತ್ತಾರೆ. ಆಮೇಲೆ ಹೊಸ ಯಂತ್ರಗಳು, ಬದಲಿ ಆಳುಗಳೇ ಬೇಡ. ಸಾವಿಗೆ ಬಂದವರೂ ಬದಲಿಗಳೇ. ಹೆಣ ಯಾವಾಗ ಎತ್ತುತ್ತೀರಿ ಎಂದು ಕೇಳುವ ಬಾಯಿ ಯಾರಿಗೂ ಇರಲಿಲ್ಲ. ಕದ್ದು ಕದ್ದು ಬಿಸಿಲು ನೋಡುತ್ತಿದ್ದರು.

"ದೇಶದ ತುಂಬ ಇದೇ ಕತೆ ಕಣಪ್ಪ. ಕಾಯಂ ಅನ್ನೋ ಮಾತೇ ಮುಗೀತು," ಎಂದ ಅವರಲ್ಲೊಬ್ಬ.

"ನಮ್ಮಣ್ಣ ಒಬ್ನೇ ನೋಡು, ಇವತ್ತು ಕಾಯಂ ಆದೋನು," ಎಂದು ಇನ್ನೊಬ್ಬ ಚಟ್ಟದ ಕಡೆ ಗದ್ದ ಚಾಚಿದ. ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡರು.

*

ಅವಳ ಗಂಡ ಕೊನೆಯವರೆಗೂ ಬದಲಿಯೇ. ಗಿರಣಿಯಲ್ಲಿ ಯಾರಾದರೂ ಗೈರಾದರೆ ಆ ದಿನ ಕೆಲಸ. ಇಲ್ಲವಾದರೆ ಕಟ್ಟಿದ ಬುತ್ತಿ ಬಿಚ್ಚದೆಯೇ ಮನೆಗೆ ವಾಪಸ್ಸು. ಬೆಳಿಗ್ಗೆ ಕೈಮುಗಿದು ನಿಂತಾಗಲೆಲ್ಲ ಅವಳ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು. ಇವರಿಗೆ ಕೆಲಸ ಕೊಡು ಎಂದರೆ ಇನ್ನೊಬ್ಬರ ಮನೆಗೆ ಜ್ವರ ಕೊಡು ಎಂದ ಹಾಗೆ.

ಒಂದು ದಿನ ಕೆಲಸ ಸಿಕ್ಕಿಯೂ ಮುಖ ಬಾಡಿಸಿಕೊಂಡು ಬಂದ.

"ಯಾಕ್ರೀ?"

"ಆ ಮಗ್ಗದೋನು ಸತ್ತಿದ್ದಕ್ಕೆ ಸಿಕ್ಕಿದ್ದು ಕಣೇ. ಮಗ್ಗದ ಹಿಡಿ ಅವನ ಕೈಗೇ ಸವೆದಿತ್ತು. ನನ್ನ ಕೈಗೆ ಕೂರ್ಲೇ ಇಲ್ಲ."

*

ತಾಯಿ ಮಗನ ತೋಳು ಬಿಟ್ಟಳು. "ಹೋಗು. ಅವರು ಜೀವ ಇರೋವರೆಗೂ ಕಾದಿದ್ದು ಇದಕ್ಕೇ."

"ಅಪ್ಪನ್ನ ಎತ್ತೋಕೆ..."

"ದೇವರಿದ್ದಾನೆ. ತಿರುಗಿ ನೋಡ್ಬೇಡ."

ಅವನು ತಲೆ ತಗ್ಗಿಸಿ ಅಂಗಳ ದಾಟಿದ. ಉಳಿದವರು ಅವನ ಬೆನ್ನನ್ನೇ ನೋಡಿದರು. ಒಬ್ಬಿಬ್ಬರ ಕಾಲುಗಳು ಚಪ್ಪಲಿ ಹುಡುಕಿದವು. ಚಟ್ಟದ ಮುಂದಿನ ಒಂದು ಮೂಲೆಗೆ ಹೆಗಲಿರಲಿಲ್ಲ. ಗಿರಣಿಯಿಂದ ನಿವೃತ್ತನಾಗಿದ್ದ ಮುದಿ ಮೇಸ್ತ್ರಿ ಅದನ್ನು ಕಂಡು, ಹಿಂದೆ ಗೇಟಿನಲ್ಲಿ ಬದಲಿಗಳನ್ನು ಕರೆಯುತ್ತಿದ್ದ ಒಡಕು ದನಿಯಲ್ಲೇ ಕೂಗಿದ:

"ಒಬ್ಬ ಬೇಕು!"

ಅಂಗಳದ ಕೈಗಳೆಲ್ಲ ಒಮ್ಮೆಲೇ ಮೇಲೆದ್ದವು. "ನಾನು, ನಾನು" ಎಂದು ಮೊಣಕೈಯಿಂದ ಒಬ್ಬರನ್ನೊಬ್ಬರು ತಳ್ಳಿಕೊಂಡು ನುಗ್ಗಿದವರು, ಚಟ್ಟಕ್ಕೆ ಮಂಡಿ ತಾಗಿದ ಮೇಲೆ ತಾವೆಲ್ಲಿದ್ದೇವೆಂದು ತಿಳಿದು ನಿಂತರು. ಎತ್ತಿದ ಕೈ ಇಳಿಸಲು ಯಾರಿಗೂ ತೋಚಲಿಲ್ಲ.

ತಾಯಿ ತಲೆಯೆತ್ತಿದಳು. ಗೋಡೆಯಾಚೆ, ಬೀದಿಯಲ್ಲಿ, ಆಗಲೇ ಹೊರಟುಹೋಗಿದ್ದ ಮಗನ ಕೈ ಎಲ್ಲರಿಗಿಂತ ಎತ್ತರಕ್ಕೆ ನಿಂತಿತ್ತು.