ಮನೇಲಿ ಯಾರೂ ಇಲ್ಲ

"ಮನೇಲಿ ಜನ ಇದಾರೋ ಇಲ್ವೋ ಅನ್ನೋದು ಇದಕ್ಕೇ ಗೊತ್ತಾಗುತ್ತೆ ಸರ್. ಯಾರೂ ಇಲ್ಲ ಅಂದ್ರೆ ತಾನೇ ಹೀಟರ್ ಇಳಿಸುತ್ತೆ. ನಿಮ್ಮ ಫೋನಿಗೂ ಮೆಸೇಜ್ ಬರುತ್ತೆ," ಎಂದು ಅಂಗಡಿಯಾಕೆ ಗೋಡೆಗೆ ಹಾಕಿ ಮನೆಯ ಬಿಸಿ ಏರಿಸಿ ಇಳಿಸುವ, ಬಿಳಿ ಬಿಲ್ಲೆಯಂತಹ ಥರ್ಮೋಸ್ಟಾಟನ್ನು ಅವನ ಅಂಗೈಯಲ್ಲಿಟ್ಟಳು.

ಅವನು ಲಿಫ್ಟ್ ರಿಪೇರಿಯವನು. ಯಂತ್ರ ಕೈಗೆ ಬಂದರೆ ಮಗುವಾಗಿಬಿಡುತ್ತಿದ್ದ. ಹಿಂದೆ ಮುಂದೆ ತಿರುಗಿಸಿ, ಸ್ಕ್ರೂಗಳನ್ನು ಉಗುರಿನಿಂದ ಮೀಟಿ ನೋಡಿ, "ಭೇಷ್!" ಎಂದ. ಪಕ್ಕದಲ್ಲಿದ್ದ ಹೆಂಡತಿ ಮಾತ್ರ ಮೇಜಿನ ಮೇಲಿದ್ದ ಅಗ್ಗದ ಇನ್ನೊಂದನ್ನು ತೋರಿಸಿದಳು.

"ಆ ಇನ್ನೊಂದೇ ಸಾಕು ಕಣ್ರೀ. ಟೈಮ್ ಹಾಕಿಟ್ರೆ ಏರಿಸುತ್ತೆ, ಇಳಿಸುತ್ತೆ. ನಾನಂತೂ ದಿನವಿಡೀ ಮನೇಲೇ ಬಿದ್ದಿರ್ತೀನಿ. ಇದೇನು ಹೊಸದಾಗಿ ಕಂಡುಹಿಡಿಯುತ್ತೆ?"

ಸುಳ್ಳು ಸಲೀಸಾಗಿ ಬಂದಿತ್ತು. ಮಧ್ಯಾಹ್ನವಾದರೆ ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಅಕ್ಕನ ಮನೆಗೆ ಹೊರಡುತ್ತಿದ್ದಳು. ಗಂಡನನ್ನು ಬಿಟ್ಟು ಬಂದ ಅಕ್ಕ. ಆ ಗಂಡ ಇವಳ ಗಂಡನ ಬಾಲ್ಯದ ಗೆಳೆಯ; ಮುಂದೆ ನಿಂತು ಸಂಬಂಧ ಕೂಡಿಸಿದವನೂ ಇವನೇ. "ನನ್ನ ಮುಖಕ್ಕೆ ಮಸಿ ಬಳಿದಳು. ಅವಳ ಮನೆ ಕಡೆ ತಲೆ ಹಾಕಿ ಕೂಡ ಮಲಗಬೇಡ," ಎಂದಿದ್ದ. ಈಗ ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಔಷಧಿಯ ಹನಿ ಹಾಕಲು ಬೇರೆ ಯಾರಿದ್ದರು?

"ಕರೆಂಟ್ ಉಳಿಸೋಕೆ ತಾನೆ ಬಂದಿದ್ದು? ಇದರಲ್ಲೇ ಜಾಸ್ತಿ ಉಳಿಯೋದು," ಎಂದ ಅವನು.

"ನಮ್ಮನ್ನ ಕಾಯೋಕೆ ಗೋಡೆಗೊಂದು ಕಣ್ಣು ಬೇಕಾ?"

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯೇ?"

ತಮಾಷೆಗೇ ಅಂದದ್ದು. ಆದರೆ ಅವಳು ನಗಲಿಲ್ಲ. ಅವನ ನಗುವೂ ಅರ್ಧಕ್ಕೇ ನಿಂತಿತು. ಅಂಗಡಿಯಾಕೆ ಬೆನ್ನು ತಿರುಗಿಸಿ, ಜೋಡಿಸಿಟ್ಟಿದ್ದ ಡಬ್ಬಿಗಳನ್ನೇ ಮತ್ತೆ ಜೋಡಿಸತೊಡಗಿದಳು.

"ಎಲ್ಲಿಗೆ ಹೋಗ್ತೀಯ?" ದನಿ ತಗ್ಗಿಸಿ ಕೇಳಿದ.

ದಾರ ತರೋಕೆ, ಗುಂಡಿ ತರೋಕೆ ಎನ್ನಬಹುದಿತ್ತು. ಆದರೆ ಇವತ್ತಿಗೊಂದು ನೆಪವಾದರೆ ನಾಳೆಗೆ ಇನ್ನೊಂದು ಬೇಕು.

"ಅಕ್ಕನ ಮನೆಗೆ. ದಿನಾ ಹೋಗ್ತೀನಿ. ಅವಳಿಗೆ ಕಣ್ಣು ಕಾಣ್ತಿಲ್ಲ. ನೀವು ಬೇಡ ಅಂದ್ರೂ ಹೋಗ್ತೀನಿ."

ಅವನು ಕೈಯಲ್ಲಿದ್ದುದನ್ನು ಅಂಗಡಿಯಾಕೆಯ ಮುಂದಿಟ್ಟು, "ಇದನ್ನೇ ಕೊಡಿ," ಎಂದ.

ಮನೆಗೆ ಬಂದವನೇ ಮೇನ್ ಸ್ವಿಚ್ ಆರಿಸಿ, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ. ಅವಳು ಟಾರ್ಚ್ ಹಿಡಿದು ನಿಂತಿದ್ದಳು. ಊಟಕ್ಕೆ ಕರೆದರೆ, "ಹಸಿವಿಲ್ಲ," ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಅವಳಿಗೆ ಹೊಲಿಗೆ ನೇರ ಬರಲಿಲ್ಲ. ಹಾಕಿದ್ದನ್ನೇ ಬಿಚ್ಚಿದಳು. ಮಧ್ಯಾಹ್ನ ಕೋಟು ತೊಟ್ಟು ಬಾಗಿಲ ಬಳಿ ಬಂದು ನಿಂತಳು. ಆಮೇಲೆ ಆದದ್ದಾಗಲಿ ಎಂದು ಬೀಗ ಹಾಕಿ ಹೊರಟಳು.

ಅಕ್ಕನ ಕಣ್ಣಿಗೆ ಹನಿ ಹಾಕಿ ಮುಚ್ಚಳ ತಿರುಗಿಸುತ್ತಿದ್ದಾಗ ಫೋನ್ ಬಡಿದುಕೊಂಡಿತು. ಅವನೇ.

"ಮನೇಲಿ ಯಾರೂ ಇಲ್ಲ ಅಂತ ಬಂತು."

"ಹೌದು. ಹೇಳಿದ್ನಲ್ಲ."

ಕಟ್ ಮಾಡಿಬಿಟ್ಟನೇನೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು.

"ಡಾಕ್ಟರು ಏನಂದ್ರು?"

"ಎಡಗಣ್ಣು ಸ್ವಲ್ಪ ಕಾಣಬಹುದಂತೆ. ಬಲಗಣ್ಣಿಂದು ಹೇಳೋಕಾಗಲ್ಲ ಅಂದ್ರು."

"ನಿಮ್ಮಕ್ಕ ಹತ್ರ ಇದಾರಾ?"

"ಇಲ್ಲೇ ಇದಾಳೆ."

"ಕೊಡು."

"ಯಾರೇ ಅದು?" ಅಕ್ಕ ಶಬ್ದ ಬಂದ ಕಡೆ ಮುಖ ತಿರುಗಿಸಿದಳು.

"ನಮ್ಮನೆಯವರು. ನಿನ್ ಹತ್ರ ಮಾತಾಡಬೇಕಂತೆ."

ಅಕ್ಕ ಫೋನನ್ನು ತಕ್ಷಣ ಕಿವಿಗಿಡಲಿಲ್ಲ. ಮಡಿಲಲ್ಲಿಟ್ಟುಕೊಂಡು, ಕೆದರಿದ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಸವರಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತಳು.