ಕೆಂಪವ್ವನ ಮುಖ

"ಮುಂದಿನ ಪಿಚ್ಚರ್ನಲ್ಲಿ ನೀನು ನಗ್ತಾ ಇರ್ತೀಯ ಕಣಕ್ಕ. ಪರದೆ ತುಂಬ ನಿನ್ ಮುಖಾನೇ. ಇದು ನನ್ ಮಾತು."

ಸಿದ್ದರಾಮು ತನ್ನ ಅಕ್ಕ ನಾಗರತ್ನಳಿಗೆ ಹೀಗೆ ಮಾತು ಕೊಟ್ಟಾಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕಿರುಗಾವಲಿನ ಮನೆಯ ಅಡುಗೆಕೋಣೆಯಲ್ಲಿ ಅಕ್ಕ ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. "ಮುಂದಿಂದು ಅಂದ್ರೆ ಯಾವತ್ಲಾ?" ಎಂದಳು.

ಆ ಮಾತಿಗೆ ಕಾರಣ ಒಂದು ಫೋಟೋ.

ಸಿದ್ದರಾಮುವಿನ ಮೊದಲ ಸಿನಿಮಾ 'ಕಣಜದ ಕೋಣೆ' ತಯಾರಾದದ್ದು ಅಕ್ಕನ ಮನೆಯಲ್ಲೇ. "ತಕ್ಕೊಳ್ಲಾ, ಮನೆ ಏನ್ ಸವ್ದೋಯ್ತದಾ" ಎಂದು ಅವಳೇ ಬಿಟ್ಟುಕೊಟ್ಟಿದ್ದಳು. ಇಡೀ ತಂಡಕ್ಕೆ ಬೇಯಿಸಿ ಹಾಕಿದ್ದಳು. ಭಾವ ಪುಟ್ಟಸ್ವಾಮಿ ದನಗಳನ್ನು ಪಕ್ಕದ ಮನೆಯ ಕೊಟ್ಟಿಗೆಗೆ ಕಟ್ಟಿಬಂದಿದ್ದ. ಕತೆಯಲ್ಲಿ ಕೆಂಪವ್ವ ಎಂಬ ಹೆಂಗಸು ಕಣಜದಲ್ಲಿ ಸತ್ತು ದೆವ್ವವಾಗಿರುತ್ತಾಳೆ. ದೆವ್ವಕ್ಕೆ ಒಳ್ಳೇ ಮೇಕಪ್ಪು ಮಾಡಿಸಲು ದುಡ್ಡಿಲ್ಲದ್ದರಿಂದ ಅದಕ್ಕೆ ಮುಖವೇ ಬೇಡ ಎಂದು ಸಿದ್ದರಾಮು ತೀರ್ಮಾನಿಸಿದ್ದ. ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ಕೂದಲು ಇಳಿಬಿಟ್ಟು ಬೆನ್ನು ತೋರಿಸಿಕೊಂಡು ಓಡಾಡಿದರೆ ಸಾಕು. ಕೆಂಪವ್ವನ ಮುಖ ಕಾಣುವುದು ಗೋಡೆಯ ಮೇಲಿನ ಹಾರ ಹಾಕಿದ ಫೋಟೋದಲ್ಲಿ ಮಾತ್ರ.

ಅದಕ್ಕೆಂದು ಬೆಂಗಳೂರಿನಿಂದ ತರಿಸಿದ್ದ ಫೋಟೋ ಬರುವ ದಾರಿಯಲ್ಲೇ ಗಾಜು ಒಡೆದು ಹರಿದುಹೋಗಿತ್ತು. ಬಿಸಿಲು ಇಳಿಯುತ್ತಿತ್ತು. ಕ್ಯಾಮೆರಾದವನು ಕೂಗಾಡುತ್ತಿದ್ದ. ನಡುಮನೆಯ ಗೋಡೆಯಲ್ಲಿ, ಅಕ್ಕ ಮದುವೆಯಾದ ಹೊಸದರಲ್ಲಿ ಮಳವಳ್ಳಿಯ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಇತ್ತು. ಅಕ್ಕ ಹಿತ್ತಲಲ್ಲಿ ಸೊಪ್ಪು ಸೋಸುತ್ತಿದ್ದಳು. ಸಿದ್ದರಾಮು ಅವಳನ್ನು ಕೇಳಲಿಲ್ಲ. ಅವಳ ಫೋಟೋಗೇ ಗಂಧದ ಹಾರ ಹಾಕಿದ, ಗಾಜಿನ ಮೇಲೆ ಕುಂಕುಮ ಇಟ್ಟ, ಕೆಳಗೊಂದು ದೀಪ ಹಚ್ಚಿದ. ದೂರದಿಂದ ಮಸುಕಾಗಿ ಕಾಣುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡ.

ಎಡಿಟಿಂಗಿಗೆ ಕೂತಾಗ ನೋಡಿದರೆ, ಇಡೀ ಸಿನಿಮಾದಲ್ಲಿ ಮೈ ಜುಮ್ಮೆನ್ನಿಸುವುದು ಅದೊಂದೇ ಶಾಟು. ಅದನ್ನೇ ಹಿಗ್ಗಿಸಿದ. ಮೂರು ಸಲ ತಂದ. ಪೋಸ್ಟರಿಗೂ ಅದೇ ಹೋಯಿತು.

ಸಿನಿಮಾ ಓಡಿತು. ಮಂಡ್ಯ, ಮದ್ದೂರು, ಮಳವಳ್ಳಿಯ ಗೋಡೆಗೋಡೆಯ ಮೇಲೂ ಹಾರ ಹಾಕಿಸಿಕೊಂಡ ನಾಗರತ್ನ. ಅವಳು ಮಳವಳ್ಳಿ ಬಸ್ಸು ಹತ್ತಿದರೆ ಕಂಡಕ್ಟರು, "ಕೆಂಪವ್ವ ಅತ್ತುದ್ಲು, ಎಲ್ರೂ ಗಟ್ಟಿಯಾಗ್ ಇಡ್ಕಳಿ, ರೈಟ್!" ಎನ್ನುವನು. ಬಸ್ಸೆಲ್ಲ ನಗುವುದು. ಅದನ್ನಾದರೆ ಅವಳು ಬೈದು ಮರೆಯುತ್ತಿದ್ದಳು. ಸಂಕಟವಿದ್ದದ್ದು ಬೇರೆ ಕಡೆ. ಊರಲ್ಲಿ ಯಾರ ಮನೆಯ ಮದುವೆಯಾದರೂ ಹೆಣ್ಣಿಗೆ ಮೊದಲ ಅರಿಶಿನ ಹಚ್ಚುವುದು, ಸೋಬಾನೆ ಪದ ಎತ್ತಿಕೊಡುವುದು ನಾಗರತ್ನಳ ಪಾಲಿನ ಕೆಲಸವಾಗಿತ್ತು. ಕರೆಯದಿದ್ದರೆ ಮದುವೆಮನೆಯವರೇ ನಾಚುತ್ತಿದ್ದರು. ಆ ಸಿನಿಮಾ ಬಂದ ಮೇಲೆ ಅವಳು ಅರಿಶಿನದ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಯಾರಾದರೊಬ್ಬರು ಮೆಲ್ಲಗೆ, "ನೀನು ಆಮ್ಯಾಕೆ ಇಕ್ಕೀವಂತೆ ಬುಡು ನಾಗ್ರತ್ನಕ್ಕ" ಎನ್ನತೊಡಗಿದರು. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಾರ ಹಾಕಿಸಿಕೊಂಡ ಮುತ್ತೈದೆ ಎಂಬುದು ಎಲ್ಲರ ಕಣ್ಣಲ್ಲೂ ಇತ್ತು.

ಸಿನಿಮಾದವರಲ್ಲಿ ಒಂದು ಪದ್ಧತಿ ಉಂಟು. ಸತ್ತಂತೆ ನಟಿಸಿದವರನ್ನು ಹಾಗೇ ಕಳಿಸುವುದಿಲ್ಲ. ಎಬ್ಬಿಸಿ, ಕ್ಯಾಮೆರಾ ಮುಂದೆ ನಗಿಸಿ, ಬದುಕಿರುವ ಹಾಗೆ ಒಂದು ಶಾಟು ತೆಗೆದೇ ಕಳಿಸುವುದು. ಕಡೇ ದಿನ ದೆವ್ವದ ಹುಡುಗಿಯನ್ನು ಹಾಗೆ ನಗಿಸಿ, ಕುಂಬಳಕಾಯಿ ಒಡೆದು ವ್ಯಾನು ಹತ್ತಿದ್ದರು. ಅಡುಗೆ ಪಾತ್ರೆ ಬೆಳಗುತ್ತಿದ್ದ ನಾಗರತ್ನ ಅದನ್ನೆಲ್ಲ ನೋಡಿದ್ದಳು.

"ಮುಖಾನೇ ಕಾಣ್ದೋಳ್ನ ನಗ್ಸಿ ಕಳ್ಸುದ್ರಿ" ಎಂದಳು ಅವತ್ತು, ಮುದ್ದೆ ತಿರುವುತ್ತ. "ಮುಖ ಕೊಟ್ಟೋಳು ನಾನು. ನನ್ ಸಾಯ್ಸಿ ಅಂಗೇ ಬುಟ್ಟೋದ್ಯಲ್ಲೋ ಸಿದ್ದ."

ಆಗ ಅವನು ಕೊಟ್ಟ ಮಾತು ಅದು.

ಮುಂದಿನ ಸಿನಿಮಾ ಮದುವೆಯದೇ ಮಾಡುತ್ತೇನೆಂದು ಸಿದ್ದರಾಮು ಕತೆ ಬರೆದ. ಒಂದೇ ಚಪ್ಪರ, ಎರಡು ಮನೆಯವರು, ನಡುವೆ ಮುನಿಸು, ನಗು, ಅಳು. ಅದನ್ನು ಹಿಡಿದುಕೊಂಡು ಎಷ್ಟು ಜನ ನಿರ್ಮಾಪಕರ ಮೆಟ್ಟಿಲು ಹತ್ತಿದನೋ ಅವನಿಗೇ ಲೆಕ್ಕ ತಪ್ಪಿತು. ಎಲ್ಲರೂ ಕಾಫಿ ಕೊಡುವರು, ಕತೆ ಕೇಳುವರು, ಕಡೆಗೆ ಒಂದೇ ಪ್ರಶ್ನೆ ಕೇಳುವರು: "ಎಲ್ಲಾ ಸರಿ, ದೆವ್ವ ಎಲ್ ಬತ್ತದೆ?"

"ದೆವ್ವ ಇಲ್ಲ ಸಾರ್. ಇದು ಮದುವೆ ಕತೆ."

"ಇಂಟರ್ವಲ್‌ಗೆ ಹೆಣ್ಣಿನ ಮೈಮೇಲೆ ಬರ್ಸುಬುಡಿ. ಧಾರೆ ಹೊತ್ನಲ್ಲಿ ಕಣ್ ಬೆಳ್ಳಗಾಗ್ಬೇಕು. ಏನಂತೀರಿ?"

ಏನನ್ನುವುದು! ಹೊಟ್ಟೆಪಾಡು ಬಿಡಲಿಲ್ಲ. ಎರಡನೆಯದು ಸೋಮನಹಳ್ಳಿಯ ಮುಚ್ಚಿದ ಕಾರ್ಖಾನೆ ಶೆಡ್ಡಿನಲ್ಲಿ ದೆವ್ವ. ಮೂರನೆಯದು ಬಸರಾಳು ಕಡೆಯ ಕೆರೆ ಏರಿ ಮೇಲೆ ದೆವ್ವ. ಪ್ರತಿ ಸಲವೂ ಅಕ್ಕನನ್ನು ಕೇಳಿದ: "ಇದ್ರಲ್ಲೇ ಒಂದ್ ಶಾಟು ನಕ್ಬುಡಕ್ಕ, ಅಂಗಡಿ ಮುಂದೆ ನಿಂತಂಗೆ." ಪ್ರತಿ ಸಲವೂ ಅವಳು ಒಂದೇ ಉತ್ತರ ಕೊಟ್ಟಳು: "ದೆವ್ವದ್ ಪಿಚ್ಚರ್ನಲ್ಲಿ ನಕ್ರೆ ದೆವ್ವ ನಕ್ಕಂಗೇ ಕಣ್ಲಾ. ನಂಗೆ ಬ್ಯಾಡ."

ಪತ್ರಿಕೆಯವರು ಅವನಿಗೆ 'ಭಯದ ನಿರ್ದೇಶಕ' ಎಂದು ಹೆಸರಿಟ್ಟರು. 'ಕಣಜದ ಕೋಣೆ' ಟಿವಿಯಲ್ಲಿ ಮತ್ತೆ ಮತ್ತೆ ಬಂದು ಕೆಂಪವ್ವನ ಮುಖ ಮಕ್ಕಳಿಗೂ ಪರಿಚಯವಾಯಿತು. ಅವನ ಸ್ವಂತ ಮದುವೆಯ ಆರತಕ್ಷತೆಯಲ್ಲೇ ಗೆಳೆಯರು ಬಿಳಿ ಸೀರೆ ಉಡುಗೊರೆ ಕೊಟ್ಟು ನಕ್ಕರು. ಅವನ ಮಗಳು ಶಾಲೆಯಿಂದ ಬಂದು, "ನಿಮ್ಮಪ್ಪ ದೆವ್ವ ಸಾಕವ್ರಾ ಅಂತ ಕೇಳ್ತಾರೆ ಕಣಪ್ಪ" ಎಂದಾಗ ಅವನಿಗೆ ನಗು ಬರಲಿಲ್ಲ. ಬೈಯಲು ಯಾರೂ ಕೈಗೆ ಸಿಗದೆ ಮಗಳಿಗೇ ಬೈದ.

ಕಡೆಗೆ ಮದ್ದೂರಿನ ಮುದ್ದಯ್ಯ ಸಿಕ್ಕರು. ಕಲ್ಯಾಣ ಮಂಟಪದ ಯಜಮಾನರು, ಸಿನಿಮಾ ತೆಗೆಯುವ ಆಸೆ. ಮಂಟಪದಲ್ಲೇ ನಡೆಯುವ ಕತೆ ಎಂದ ಕೂಡಲೇ ಅವರಿಗೆ ಹಿಡಿಸಿತು. ಅವರೇ ಓಡಾಡಿ ದೊಡ್ಡ ಹೀರೋ ಒಬ್ಬನನ್ನು ಒಪ್ಪಿಸಿದರು. ದೆವ್ವದ ಸುದ್ದಿ ಎತ್ತಲಿಲ್ಲ. ಸಿದ್ದರಾಮು ಆ ದಿನವೇ ಕಿರುಗಾವಲಿಗೆ ಫೋನು ಮಾಡಿದ.

"ಅರಿಸಿನ ನಾನೇ ಕುಟ್ಕೊಂಡ್ ಬತ್ತೀನಿ" ಎಂದಳು ಅಕ್ಕ. "ಅಂಗಡಿದು ಹಚ್ಚುದ್ರೆ ಬಣ್ಣ ಬರಾಕಿಲ್ಲ."

ಶೂಟಿಂಗ್ ದಿನ ಅವಳು ರೇಷ್ಮೆ ಸೀರೆ ಉಟ್ಟು, ಅರಿಶಿನದ ಡಬ್ಬಿ ಹಿಡಿದು ಬಂದಳು. ಮದುವೆಹೆಣ್ಣಿನ ಪಾತ್ರದ ನಟಿಯನ್ನು ಮಣೆ ಮೇಲೆ ಕೂರಿಸಿ, ಕೆನ್ನೆಗೆ ಅರಿಶಿನ ಹಚ್ಚಿ, ತಲೆಯೆತ್ತಿ ನಗಬೇಕು. ಅಷ್ಟೇ. ಕೈ ಅಚ್ಚುಕಟ್ಟಾಗಿ ನಡೆಯಿತು. ಸೋಬಾನೆಯೂ ಬಂತು. ನಗು ಮಾತ್ರ ಬರಲಿಲ್ಲ. 'ಆ್ಯಕ್ಷನ್' ಎಂದರೆ ಸಾಕು, ಅವಳ ಮುಖ ಗೋಡೆಯಾಗುತ್ತಿತ್ತು. ಟೇಕಿನ ಮೇಲೆ ಟೇಕು. ಹೀರೋ ಗಡಿಯಾರ ನೋಡಿಕೊಂಡ. ಮುದ್ದಯ್ಯ ಬೇಸತ್ತು ಕುರ್ಚಿ ಎಳೆದು ಕೂತರು.

"ನಗೋದಕ್ಕೂ ಹೇಳ್ಕೊಡ್ಬೇಕಾ ನಿನ್ಗೆ!" ಸಿದ್ದರಾಮು ಮೈಕಿನಲ್ಲೇ ಕಿರುಚಿದ. ಬಾಡಿಗೆ ನಟರಿಗೆ ಕಿರುಚುವ ದನಿ ಅದು. ಅಕ್ಕ ತಲೆ ತಗ್ಗಿಸಿ ಅರಿಶಿನ ಕಲಸುತ್ತ ಕೂತಳು.

ಕ್ಯಾಮೆರಾ ಓಡುತ್ತಲೇ ಇತ್ತು. ಅಷ್ಟರಲ್ಲಿ ಭಾವ ಪುಟ್ಟಸ್ವಾಮಿ ಕಂಬದ ಹಿಂದಿನಿಂದ, "ಲೇ ನಾಗ್ರತ್ನ, ನೋಡೇ ಇಲ್ಲಿ. ನಿಮ್ ಹೀರೋಗೆ ಪಂಚೆ ಉಡುಕ್ಕೇ ಬರಲ್ಲ. ಒಳಗಡೆ ಬೆಲ್ಟು ಕಟ್ಟವ್ನೆ!" ಎಂದ. ಅವಳು ತಲೆಯೆತ್ತಿದಳು, ನೋಡಿದಳು, ನಕ್ಕಳು. ಹಲ್ಲೆಲ್ಲ ಕಾಣುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ.

ಸಿದ್ದರಾಮು ಇಷ್ಟು ವರ್ಷದಲ್ಲಿ ತೆಗೆದ ಶಾಟುಗಳಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿರಲಿಲ್ಲ.

ಸಿನಿಮಾ ಮುಗಿದ ಮೇಲೆ, ಬಿಡುಗಡೆಗೆ ಮುಂಚೆ ಜನ ಏನನ್ನುತ್ತಾರೆ ನೋಡೋಣವೆಂದು ಮುದ್ದಯ್ಯ ಮಂಡ್ಯದ ಒಂದು ಥಿಯೇಟರಿನಲ್ಲಿ ಪುಕ್ಕಟೆ ಆಟ ಇಟ್ಟರು. ಕಾಲೇಜು ಹುಡುಗರು, ಅಂಗಡಿಯವರು, ಹೆಂಗಸರು, ಮಕ್ಕಳು ಬಂದು ತುಂಬಿದರು. ಸಿದ್ದರಾಮು ಹಿಂದೆ ಗೋಡೆಗೊರಗಿ ನಿಂತ. ಜನ ನಗುವ ಕಡೆ ನಕ್ಕರು. ಹೀರೋ ಬಂದಾಗ ಕೂಗಿದರು. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದುಕೊಂಡ.

ಅರಿಶಿನದ ಶಾಸ್ತ್ರ ಬಂತು. ಅಕ್ಕನ ಮುಖ ಮೇಲೆದ್ದು ಪರದೆ ತುಂಬಿತು.

ಮುಂದಿನ ಸಾಲಿನಿಂದ ಒಬ್ಬ, "ಲೇ, ಕೆಂಪವ್ವ ಕಣ್ರುಲಾ!" ಎಂದು ಕೂಗಿದ. ಅಷ್ಟೇ ಸಾಕಾಯಿತು. ಶಿಳ್ಳೆ, ಚಪ್ಪಾಳೆ. ಮಗುವೊಂದು ಚೀರಿ ತಾಯಿಯ ಸೆರಗಿನೊಳಗೆ ಹೊಕ್ಕಿತು. "ಮುಟ್ಟುಸ್ಕೋಬ್ಯಾಡ ಕಣಮ್ಮೀ, ಓಡು!" ಎಂದು ಪರದೆಯ ಮೇಲಿನ ಹೆಣ್ಣಿಗೆ ಬುದ್ಧಿ ಹೇಳಿದವರು ಎಷ್ಟೋ. ಮುಂದಿನ ದೃಶ್ಯದಲ್ಲಿ ಹೆಣ್ಣು ಅಪ್ಪನ ಕೈ ಹಿಡಿದು ಅಳುತ್ತಾಳೆ. ಅದು ನಗೆಯಲ್ಲೇ ಮುಳುಗಿಹೋಯಿತು.

ಹೊರಗೆ ಮುದ್ದಯ್ಯ ಅವನ ಬೆನ್ನು ತಟ್ಟಿದರು. "ಡೈರೆಕ್ಟ್ರೇ, ಬೋ ಕಿಲಾಡಿ ನೀವು! ದೆವ್ವ ಇಲ್ಲ ಇಲ್ಲ ಅಂತ್ಲೇ ತಂದ್ಬುಟ್ರಲ್ಲ. ಅದುಕ್ಕೆ ಆ ಹಳೇ ಪಿಚ್ಚರ್ ಸೌಂಡು ಸೇರ್ಸಿ ಟ್ರೈಲರ್‌ಗೆ ಆಕ್ಬುಡನ."

"ಅದು ದೆವ್ವ ಅಲ್ಲ ಯಜಮಾನ್ರೇ. ನಮ್ಮಕ್ಕ."

"ಆಗ್ಲೇಳಿ, ಅಕ್ಕನೇ ಆಗ್ಲಿ. ಜನ ಸೀಟ್ ಮ್ಯಾಲೆ ನಿಂತ್ಕಂಡ್ರಲ್ಲ, ಅದ್ ನೋಡಿ ನೀವು."

ಮಾರನೆಯ ದಿನ ಬೆಂಗಳೂರಿನಲ್ಲಿ ಎಡಿಟರ್ ವನಜಾ ಪಕ್ಕ ಕೂತು ಸಿದ್ದರಾಮು ಏನೇನೋ ಮಾಡಿ ನೋಡಿದ. ಶಾಟು ಚಿಕ್ಕದು ಮಾಡಿಸಿದ, ಹಿಂದಕ್ಕೆ ತಳ್ಳಿಸಿದ, ಹಾಡಿನ ಮಧ್ಯೆ ಸೇರಿಸಿದ. ಆಫೀಸಿನ ಹುಡುಗರನ್ನು ಕರೆದು ತೋರಿಸಿದ. ಪ್ರತಿ ಸಲವೂ ಅವರು ಆ ಜಾಗಕ್ಕೆ ಬಂದಾಗ ಒಬ್ಬರನ್ನೊಬ್ಬರು ತಿವಿದುಕೊಂಡರು.

"ಅವ್ರು ಎಷ್ಟು ಚೆನ್ನಾಗಿ ನಕ್ಕಿದ್ದಾರೆ ಸಾರ್" ಎಂದಳು ವನಜಾ. "ಆದ್ರೆ ಜನ ಆ ನಗು ನೋಡ್ತಿಲ್ಲ. ನೀವೇ ಕಲಿಸಿದ್ದು. ಈ ಮುಖ ಕಂಡ್ರೆ ಮುಂದೆ ಏನೋ ಆಗುತ್ತೆ ಅಂತ ಕಾಯ್ತಾರೆ. ಇಡೋದಾ, ತೆಗೆಯೋದಾ?"

ಇಟ್ಟರೆ ಮುದ್ದಯ್ಯ ಅದನ್ನೇ ಟ್ರೈಲರಿಗೆ ಹಾಕುತ್ತಾರೆ. ಊರೂರಿನ ಮೊಬೈಲಿನಲ್ಲಿ ಅಕ್ಕ ಮತ್ತೆ ಕೆಂಪವ್ವ. ತೆಗೆದರೆ ಕೊಟ್ಟ ಮಾತು ಹೋಯಿತು. ಇಷ್ಟು ವರ್ಷ ನಿರ್ಮಾಪಕರ ಮೇಲೆ, ಪತ್ರಿಕೆಯವರ ಮೇಲೆ, ಜನರ ಮೇಲೆ ಉಕ್ಕುತ್ತಿದ್ದ ಸಿಟ್ಟು ಈಗ ಯಾರ ಮೇಲೆ ಉಕ್ಕಬೇಕೋ ಅವನಿಗೆ ತಿಳಿಯಲಿಲ್ಲ. "ತೆಗ್ದುಬಿಡಿ" ಎಂದ. ಎದ್ದು ಹೊರಗೆ ಹೋಗಿ ಅಕ್ಕನಿಗೆ ಫೋನು ಮಾಡಿದ.

ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಶುರು ಮಾಡಿದಳು. "ಲಾ ಸಿದ್ದ, ಮೊದಲ್ನೇ ಆಟುಕ್ಕೇ ಟೆಂಪೋ ಮಾಡ್ಕಂಡ್ ಬತ್ತಾ ಇವ್ನಿ. ನಮ್ ಬೀದಿ ಎಂಗಸ್ರೆಲ್ಲಾ. ಹೊಂಬಾಳಮ್ಮ ಅವ್ಳಲ್ಲ, ಅವಳ್ ಮಗಳ್ ಮದ್ವೆ. ಅರಿಸಿನ ನೀನೇ ಇಕ್ಬೇಕು ಕಣಕ್ಕ, ನೀನ್ ನಗೋ ಪಿಚ್ಚರ್ ಬಂದ್ಮ್ಯಾಕೆ ಯಾರ್ ಏನಂದಾರು ಅಂತ ಬಾಯ್ಬುಟ್ ಕರುದ್ಲು. ಅದ್ಸರಿ, ಯಾಕ್ಲಾ ಫೋನ್ ಮಾಡ್ದೆ?"

"ಏನಿಲ್ಲಕ್ಕ" ಎಂದ ಸಿದ್ದರಾಮು. "ಸುಮ್ನೆ."

ಬಿಡುಗಡೆಯ ದಿನ ಮಂಡ್ಯದ ಥಿಯೇಟರಿನ ಮುಂದೆ ಹೀರೋನ ಕಟೌಟಿಗೆ ಹಾಲು ಸುರಿಯುತ್ತಿದ್ದರು. ಟೆಂಪೋದಿಂದಿಳಿದ ಅಕ್ಕ ಅದೇ ರೇಷ್ಮೆ ಸೀರೆ ಉಟ್ಟಿದ್ದಳು. ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಸಿದ್ದರಾಮುವಿಗೆ ಅವಳ ಪಕ್ಕವೇ ಜಾಗ ಹಿಡಿದಿದ್ದಳು. ಅರಿಶಿನದ ಶಾಸ್ತ್ರ ಬಂತು. ಹಸಿರು ಬಳೆಯ ಎರಡು ಕೈ ಬಟ್ಟಲಿಂದ ಅರಿಶಿನ ತೆಗೆದು ಹೆಣ್ಣಿನ ಕೆನ್ನೆಗೆ ಹಚ್ಚಿದವು. ಅಲ್ಲಿಂದ ನೇರ ಹೆಣ್ಣಿನ ಅಪ್ಪನ ಮುಖ. ಜನ ಮೂಗು ಒರೆಸಿಕೊಂಡರು.

"ಅದು ನಿನ್ ಕೈಯೇ ಕಣೇ" ಎಂದ ಪುಟ್ಟಸ್ವಾಮಿ.

"ಸುಮ್ಕಿರಿ, ಇನ್ನೂ ಬತ್ತದೆ" ಎಂದಳು ನಾಗರತ್ನ.

ಸಿನಿಮಾ ಮುಗಿದು, ಹೆಸರುಗಳೆಲ್ಲ ಹರಿದುಹೋಗಿ, ದೀಪ ಹತ್ತುವವರೆಗೂ ಅವಳು ಏಳಲಿಲ್ಲ. ಹೊರಗೆ ಜನ ಸಿದ್ದರಾಮುವನ್ನು ಹೆಗಲ ಮೇಲೆ ಎತ್ತಿಕೊಂಡರು. ಟಿವಿಯವರು ಮೈಕು ಹಿಡಿದರು. ಭಯದ ನಿರ್ದೇಶಕ ಮನೆಮಂದಿಯನ್ನೆಲ್ಲ ಅಳಿಸಿದ್ದು ಹೇಗೆ ಎಂದು ಕೇಳಿದರು. ಅವನು ಏನು ಹೇಳಿದನೋ ಅವನಿಗೇ ನೆನಪಿಲ್ಲ. ಬಿಡಿಸಿಕೊಂಡು ಬಂದಾಗ ಅಕ್ಕ ಟೆಂಪೋ ಪಕ್ಕ ನಿಂತಿದ್ದಳು. ಹೆಂಗಸರು ಒಳಗೆ ಕೂತು ಆಚೆ ಕಡೆ ಮುಖ ಮಾಡಿದ್ದರು.

"ಎಲ್ಲೋ ನಾನು?"

"ತೆಗ್ದೆ ಅಕ್ಕ. ಮೊದ್ಲು ಒಂದಾಟ ತೋರ್ಸಿದ್ವಿ. ನಿನ್ ಮುಖ ಕಂಡೇಟ್ಗೆ ಜನ ಕೆಂಪವ್ವ ಅಂತ ಕೂಗುದ್ರು. ನಗಾಡುದ್ರು. ನಿನ್ನ ಅಂಗೆ ಮತ್ತೆ—"

"ನಗಾಡೋದ್ ನಂಗೆ ಒಸದಾ?" ಅವಳು ದನಿ ಏರಿಸಲಿಲ್ಲ. "ಬಸ್ನಲ್ಲಿ ದಿನಾ ಕೇಳೋಳು ನಾನು. ಕೂಗ್ಲಿ ಬುಡು ಅಂತಿದ್ದೆ. ಒಂದ್ ಸಲ ಕೂಗೋರು, ಎಲ್ಡ್ ಸಲ ಕೂಗೋರು, ಆಮ್ಯಾಕೆ ಬದ್ಕವ್ಳೆ ಅಂತ ಗೊತ್ತಾಗೋದು. ನನ್ನೊಂದ್ ಮಾತು ಕೇಳ್ದಾ ನೀನು?"

"ಇಲ್ಲ" ಎಂದ ಸಿದ್ದರಾಮು.

ಅವಳು ಟೆಂಪೋ ಹತ್ತಿದಳು. ಹೊಂಬಾಳಮ್ಮ ಸರಿದು ಜಾಗ ಕೊಟ್ಟಳು. ಟೆಂಪೋ ಹೊರಟುಹೋಯಿತು.

ಸಿನಿಮಾ ನೂರು ದಿನ ಓಡಿತು. ಆಮೇಲೆ ಸಿದ್ದರಾಮುವನ್ನು ಯಾರೂ ದೆವ್ವ ಎಲ್ಲಿ ಬರುತ್ತದೆ ಎಂದು ಕೇಳಲಿಲ್ಲ. ಹೊಂಬಾಳಮ್ಮನ ಮಗಳಿಗೆ ಮೊದಲ ಅರಿಶಿನವನ್ನು ಬೇರೆ ಯಾರೋ ಹಚ್ಚಿದರು. ಅಕ್ಕನಿಗೆ ಕೊಟ್ಟ ಮಾತನ್ನು ಸಿದ್ದರಾಮು ಉಳಿಸಿಕೊಳ್ಳಲಿಲ್ಲ.