ಕುರ್ಚಿಯ ಬೆನ್ನ ಮೇಲಿನ ಬಾಗಿಲು

“ಕುರ್ಚಿ ಯಾವ್ದು, ಬಾಗಿಲು ಯಾವ್ದು ಅಂತ ಗೊತ್ತಿಲ್ಲದ ದಡ್ಡ ಶಿಖಾಮಣಿ! ಇವನು ಫ್ರೆಂಚ್ ಬೇರೆ ಕಲೀತಾನಂತೆ!”

ಚಿಕ್ಕಪ್ಪ ಕುರ್ಚಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತಿರುಗಿಸಿದ. ಅಣ್ಣನ ಹೆಣದ ಸುತ್ತ ಕೂತವರು ಕತ್ತು ಚಾಚಿದರು. ಕುರ್ಚಿಯ ಬೆನ್ನಿನ ಮೇಲೆ, ನೀಲಿ ಬಣ್ಣದಲ್ಲಿ, ಮುತ್ತು ಪೋಣಿಸಿದಂಥ ಅಕ್ಷರಗಳು: ‘ಪೋರ್ತ್ – ಬಾಗಿಲು’.

ಯಾರೋ ಕಿಸಕ್ಕೆಂದರು. ಸೋದರತ್ತೆ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಬೆರಳ ಸಂದಿಯಿಂದ ಸೋರಿತು. “ಸಾವಿನ ಮನೆ ಕಣೋ, ಸುಮ್ನಿರು,” ಎಂದಳು.

“ಏನ್ ಸುಮ್ನಿರೋದು? ಈ ಊರಲ್ಲಿ ಅಣ್ಣ ಬರೀದೇ ಇರೋ ಬೋರ್ಡ್ ಇದ್ಯಾ? ಒಂದು ಕೊಂಬು, ಒಂದು ಒತ್ತು ತಪ್ಪಿದ್ದು ತೋರ್ಸು ನೋಡೋಣ. ಅಂಥವನ ಕೈಲಿ ಇದನ್ನ ಬರೆಸಿದನಲ್ಲ! ಓದಿಗೆ ಮಣ್ಣು ಹಾಕಿ ಟೈರ್ ಅಂಗಡಿ ಸೇರಿದೋನು, ಹೆಸರಿನ ಚೀಟೀನೂ ನೆಟ್ಟಗೆ ಅಂಟಿಸ್ಲಿಲ್ಲ. ಪಾಪ, ಅಣ್ಣ ಮಗನ್ನ ನಂಬಿ ಬರೆದ.”

ಇಡೀ ಕೋಣೆಯ ಬಾಯಿ ಮುಚ್ಚಿಸಲು ಮಗನಿಗೆ ಒಂದೇ ಮಾತು ಸಾಕಿತ್ತು. ಅದು ನಾಲಿಗೆಯ ತುದಿಯಲ್ಲಿ ಕೆಂಡದ ಹಾಗೆ ಕೂತಿತ್ತು.

*

ಹಡಗಿನ ಅಡುಗೆಮನೆಯಲ್ಲಿ ಕೆಲಸ ಬೇಕಾದರೆ ಅಷ್ಟಿಷ್ಟು ಫ್ರೆಂಚ್ ಬರಬೇಕು ಎಂದಿದ್ದರು. ಮಗ ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸಿದ. ಅವರ ಮಾತು, ಪಕ್ಕದಲ್ಲಿ ನಮ್ಮ ಮಾತು, ಎರಡೂ ನಮ್ಮದೇ ಅಕ್ಷರದಲ್ಲಿ. ಫ್ಯಾನ್ ಹಾಕಿದರೆ ಚೀಟಿಗಳೆಲ್ಲ ನೆಲಕ್ಕೆ.

ಒಂದು ಸಂಜೆ ಮನೆಗೆ ಬಂದರೆ ಬಣ್ಣದ ವಾಸನೆ. ಅಪ್ಪನ ಕಿವಿಯ ಸಂದಿಯಲ್ಲಿ ಕುಂಚ, ಮುಖದಲ್ಲಿ ಹೊಸ ಮದುಮಗನ ಕಳೆ.

“ಇನ್ನು ಯಾವ ಗಾಳಿಗೂ ಹಾರಲ್ಲ. ಇವತ್ತು ಕುರ್ಚಿ, ಕೆಳಗೆ ಬಿದ್ದಿದ್ದ ಅದರ ಚೀಟಿ ನೋಡ್ಕೊಂಡೇ ಬರೆದೆ. ನಾಳೆ ಉಳಿದಿದ್ದು.”

ಕುರ್ಚಿಯ ಬೆನ್ನ ಮೇಲಿದ್ದುದನ್ನು ಮಗ ಓದಿದ: ‘ಪೋರ್ತ್ – ಬಾಗಿಲು’. ಅಪ್ಪ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಗಲು ಬಾಯಿ ತೆರೆದ.

“ಕುರ್ಚಿಗೆ ಏನಂತಾರೆ ಅವರು?” ಅಪ್ಪ ಕೇಳಿದ.

“ಶೇಜ್.”

“ಶೇಜ್.” ಅಪ್ಪ ಮಾತಿನ ರುಚಿ ನೋಡಿದ. ಆಮೇಲೆ ‘ಪೋರ್ತ್’ ಕೆಳಗೆ ಬೆರಳಾಡಿಸುತ್ತ, ಓದುವವರ ಹಾಗೆ ನಿಧಾನವಾಗಿ, “ಶೇ… ಜ್. ಪಕ್ಕದಲ್ಲಿ ಕುರ್ಚಿ. ಸರಿಯಾಗಿದ್ಯಲ್ಲ?” ಎಂದ.

ಮಗನಿಗೆ ಈಗ ಅರ್ಥವಾಯಿತು. ಗಿರಾಕಿಗಳು ಬರೆದುಕೊಟ್ಟದ್ದನ್ನು ಹೂವಿನ ಚಿತ್ರ ಬಿಡಿಸುವ ಹಾಗೆ ಗೋಡೆಗಿಳಿಸುತ್ತ ಈ ಮನುಷ್ಯ ಆಯಸ್ಸು ಸವೆಸಿದ್ದ. ಒಂದು ಅಕ್ಷರವೂ ಅವನಿಗೆ ಮಾತಾಡಿರಲಿಲ್ಲ.

“ಸರಿಯಾಗಿದೆ ಅಪ್ಪ.”

ಅಪ್ಪ ಅವನ ಮುಖವನ್ನೇ ನೋಡಿದ. ಮುಖ ಓದಲು ಅವನಿಗೆ ಬರುತ್ತಿತ್ತು. ಕುಂಚವನ್ನು ಚಿಂದಿಬಟ್ಟೆಯಲ್ಲಿ ಒರೆಸಿದ, ಮತ್ತೆ ಒರೆಸಿದ.

“ಯಾರಿಗೂ ಹೇಳ್ಬೇಡ ಮರಿ.”

ಉಳಿದ ಸಾಮಾನನ್ನು ಅವನು ಮುಟ್ಟಲೇ ಇಲ್ಲ.

*

“ಬಾಯಿಗೆ ಬೀಗ ಬಿತ್ತೇನೋ? ಬೊಗಳು, ಇದೇನು, ಬಾಗಿಲಾ?” ಚಿಕ್ಕಪ್ಪ ಕುರ್ಚಿಯ ಮೇಲೆ ಗುದ್ದಿದ. “ಸೀಮೆಎಣ್ಣೆ ತಗೊಂಬನ್ನಿ ಯಾರಾದ್ರೂ. ಒರೆಸಿಬಿಡ್ತೀನಿ. ಅಣ್ಣನ ಹೆಸರಿಗೆ ಮಸಿ ಬೇಡ.”

ಮಗ ಅಪ್ಪನ ಕಡೆ ನೋಡಿದ. ಉಗುರಿನ ಬುಡದಲ್ಲಿ ನೀಲಿ ಇನ್ನೂ ಹೋಗಿರಲಿಲ್ಲ.

ಕುರ್ಚಿಯನ್ನು ಚಿಕ್ಕಪ್ಪನ ಕೈಯಿಂದ ಕಿತ್ತುಕೊಂಡ. ಹೆಗಲಿಗೇರಿಸಿದ.

“ನೋಡಿ, ಅಹಂಕಾರ ನೋಡಿ! ಎಲ್ಲಿಗೋ? ಉತ್ತರ ಕೊಟ್ಟು ಹೋಗೋ!”

ಹೊಸ್ತಿಲಲ್ಲಿ ಕುರ್ಚಿಯ ಕಾಲು ಚೌಕಟ್ಟಿಗೆ ಸಿಕ್ಕಿಕೊಂಡಿತು. ಅವನು ಅದನ್ನು ಮೆಲ್ಲಗೆ ವಾಲಿಸಿ, ಬಣ್ಣ ತಾಗದಂತೆ ಅಂಗೈ ಅಡ್ಡ ಕೊಟ್ಟು ದಾಟಿಸಿದ. ಹೊರಗೆ ಹೆಣದ ಗಾಡಿ ಕಾಯುತ್ತಿತ್ತು. ಕುರ್ಚಿಯೂ ಅಪ್ಪನ ಜೊತೆಗೇ ಹೋಗಲಿ ಎಂದು ಅದರತ್ತ ನಡೆದ. ಬೀದಿಯ ಉದ್ದಕ್ಕೂ ಅಪ್ಪ ಬರೆದ ಬೋರ್ಡುಗಳು, ಅವನ ಬೆನ್ನ ಮೇಲೆ ನೀಲಿ ಬಾಗಿಲು.